‘ಪ್ಯೂರ್ ತಾಮ್ರ ಸಾರ್’ ಅಂದ ಮೇಲೆ ಕೇಳಬೇಕಾದ ಪ್ರಶ್ನೆಗಳು

ಹಾಸನದ ಬಿ.ಎಂ. ರಸ್ತೆಯಲ್ಲಿ ಕೇಳಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಕೇಳಿ, ತಾಮ್ರದ ಪಟ್ಟಿ ಬೇಕು ಅಂದ ತಕ್ಷಣ ಬರುವ ಉತ್ತರ ಒಂದೇ. “ಪ್ಯೂರ್ ತಾಮ್ರ ಸಾರ್, 99.9.” ಅಂದರೆ ನೂರಕ್ಕೆ 99.9 ಭಾಗ ತಾಮ್ರ. ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳಲ್ಲ. ಬಹಳಷ್ಟು ಸಲ ಅದು ನಿಜವೇ. ತೊಂದರೆ ಇರುವುದು ಬೇರೆ ಕಡೆ. ಪ್ಯಾನೆಲ್ ಬೋರ್ಡಿನೊಳಗೆ ಕರೆಂಟ್ ಹರಿಸಲು ಹಾಕುವ ಪಟ್ಟಿ, ಅಂದರೆ ಬಸ್‌ಬಾರೂ 99.9, ಎಸಿಗೆ ಎಳೆಯುವ ಪೈಪೂ 99.9. ಆದರೆ ಪೈಪಿನ ತಾಮ್ರದಲ್ಲಿ ಬಸ್‌ಬಾರ್ ಮಾಡಿದರೆ ಅದು ಬೇಡದಷ್ಟು ಬಿಸಿ ಆಗುತ್ತದೆ, ಬಸ್‌ಬಾರ್ ತಾಮ್ರವನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬೆಸೆದರೆ ಒಳಗೊಳಗೇ ಬಿರುಕು ಬಿಡುತ್ತದೆ. ಹಾಗಾಗಿ 99.9 ಕೇಳಿ ತಲೆ ಆಡಿಸಬೇಡಿ. ಉಳಿದ 0.1ರಲ್ಲಿ ಏನಿದೆ ಅಂತ ಕೇಳಿ. ಈ ಲೇಖನ ಪೂರ್ತಿ ಅದರ ಬಗ್ಗೆಯೇ.

ಹಾಸನದ ಗ್ರೋತ್ ಸೆಂಟರಿನಲ್ಲೋ ಚಿಕ್ಕಮಗಳೂರಿನ ಅಂಬಳೆಯಲ್ಲೋ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು, ಪ್ಯಾನೆಲ್ ಕಟ್ಟುವವರು, ಮೋಟರ್ ವೈಂಡಿಂಗ್ ಮಾಡುವವರು, ತೋಟದ ಪಂಪ್‌ಹೌಸಿಗೆ ಅರ್ಥಿಂಗ್ ಮಾಡಿಸುವವರು, ಹೋಂಸ್ಟೇಗೆ ಎಸಿ ಹಾಕಿಸುವವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಹಾಸನ ಜಿಲ್ಲೆಗೆ ತಾಮ್ರ ಹೊಸದೇನಲ್ಲ ಬಿಡಿ, ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿಯೇ ಇತ್ತು. ಈಗ ಮಾತ್ರ ಮಾಲು ಬೆಂಗಳೂರಿನ ಎಸ್.ಪಿ. ರಸ್ತೆ, ಪೀಣ್ಯದ ಕಡೆಯಿಂದ ಕೈ ಬದಲಾಯಿಸುತ್ತ ನಮ್ಮಲ್ಲಿಗೆ ಬರುತ್ತದೆ. ನಡುವೆ ಎಷ್ಟು ಕೈ ಜಾಸ್ತಿಯೋ ಅಷ್ಟು ಕಾಗದ ಕಳೆದುಹೋಗಿರುತ್ತದೆ.

ಮೊದಲು ಕೆಲಸ ಏನು ಅಂತ ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಮೂರು ವಿಷಯ ಬರೆಯಿರಿ. ಈ ತಾಮ್ರದಲ್ಲಿ ಕರೆಂಟ್ ಹರಿಯುತ್ತದಾ? ಇದನ್ನು ಗ್ಯಾಸ್ ಬೆಂಕಿಯಲ್ಲಿ ಬ್ರೇಜಿಂಗ್, ಅಂದರೆ ಬೆಸುಗೆ ಮಾಡಬೇಕಾ? ಲೇತಿಗೆ ಹಾಕಿ ತಿರುವಬೇಕಾ? ಇವಿಷ್ಟಕ್ಕೆ ಉತ್ತರ ಸಿಕ್ಕರೆ ಗ್ರೇಡ್ ತಾನಾಗಿಯೇ ಗೊತ್ತಾಗುತ್ತದೆ.

ಕರೆಂಟ್ ಹರಿಯುವುದಾದರೆ, ಅಂದರೆ ಬಸ್‌ಬಾರ್, ವೈಂಡಿಂಗ್ ತಂತಿ, ಕೇಬಲ್, ಜೋಡಿಸುವ ಪಟ್ಟಿ, ಇದಕ್ಕೆಲ್ಲ ಬೇಕಾಗಿದ್ದು ಇಟಿಪಿ, ಅಂದರೆ ಒಳಗೆ ಚೂರು ಆಕ್ಸಿಜನ್ ಬಿಟ್ಟಿರುವ ತಾಮ್ರ. ಬೆಸೆಯುವ ಪೈಪು, ಎಸಿ, ಫ್ರಿಜ್, ಸೋಲಾರ್ ವಾಟರ್ ಹೀಟರ್ ಆದರೆ ಡಿಎಚ್‌ಪಿ, ಅಂದರೆ ರಂಜಕ (ಫಾಸ್ಫರಸ್) ಹಾಕಿ ಆಕ್ಸಿಜನ್ ತೆಗೆದ ತಾಮ್ರ. ಕರೆಂಟೂ ಹರಿಯಬೇಕು, ಬೆಂಕಿಯಲ್ಲೂ ಬೆಸೆಯಬೇಕು ಅನ್ನುವ ಅಪರೂಪದ ಕೆಲಸಕ್ಕೆ ಓಎಫ್, ಅಂದರೆ ಆಕ್ಸಿಜನ್ ಇಲ್ಲದ ತಾಮ್ರ. ಇದು ದುಬಾರಿ, ಮತ್ತು ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಜನಕ್ಕೆ ಬೇಕಾಗುವುದೇ ಇಲ್ಲ.

ಲೇತಿನ ಕೆಲಸಕ್ಕೆ ಶುದ್ಧ ತಾಮ್ರ ತಂದರೆ ಟರ್ನರ್ ಬೈಯುತ್ತಾನೆ. ಅಂಟಂಟಾಗಿ ಉದ್ದುದ್ದ ಸುರುಳಿ ಬರುತ್ತದೆ, ಟೂಲಿಗೆ ಸುತ್ತಿಕೊಳ್ಳುತ್ತದೆ, ಫಿನಿಶ್ ಬರಲ್ಲ. ಅದಕ್ಕೇ ಟೆಲ್ಯೂರಿಯಂ ಬೆರೆಸಿದ ತಾಮ್ರ ಇದೆ. ಶುದ್ಧತೆ ಒಂಚೂರು ಕಡಿಮೆ, ಕಂಡಕ್ಟಿವಿಟಿ, ಅಂದರೆ ಕರೆಂಟ್ ಹರಿಸುವ ಶಕ್ತಿ, ನೂರಕ್ಕೆ 90ರ ಮೇಲೆಯೇ ಇರುತ್ತದೆ (ಈ ಅಳತೆಯ ಬಗ್ಗೆ ಮುಂದೆ ಹೇಳುತ್ತೇನೆ), ತಿರುವುವುದು ಸಲೀಸು. ಸ್ಪಾಟ್ ವೆಲ್ಡಿಂಗ್ ತುದಿಗಳಿಗೆ ಕ್ರೋಮಿಯಂ ತಾಮ್ರ ಬೇಕು, ಶುದ್ಧ ತಾಮ್ರ ಹಾಕಿದರೆ ಮೂತಿ ಚಪ್ಪಟೆಯಾಗಿಬಿಡುತ್ತದೆ. ಕಮ್ಮಿ ಶುದ್ಧ ಅಂದರೆ ಕಳಪೆ ಅಂತ ತಿಳಿದುಕೊಂಡವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ಇನ್ನು ಅರ್ಥಿಂಗ್. ಇಲ್ಲಿ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಮಲೆನಾಡಿನಲ್ಲಿ ಸಿಡಿಲು ಜಾಸ್ತಿ, ಭಯ ಇರುವುದು ಸಹಜ, ಆ ಭಯವನ್ನೇ ಹಿಡಿದುಕೊಂಡು ‘99.99 ಗ್ರೇಡ್ ಅರ್ಥಿಂಗ್ ಪ್ಲೇಟ್’ ಅಂತ ಮಾರುವವರಿದ್ದಾರೆ. ಯೋಚನೆ ಮಾಡಿ ನೋಡಿ, ಭೂಮಿಯ ರೆಸಿಸ್ಟೆನ್ಸ್ ಇರುವುದು ಓಮ್‌ಗಳ ಲೆಕ್ಕದಲ್ಲಿ, ಪ್ಲೇಟಿನದು ಅದರ ಲಕ್ಷದಲ್ಲಿ ಒಂದು ಭಾಗವೂ ಇರಲ್ಲ. 99.9ರ ಬದಲು 99.99 ಹಾಕಿದರೆ ಅರ್ಥ್ ಟೆಸ್ಟರಿನ ಮುಳ್ಳು ಕೂಡ ಅಲ್ಲಾಡಲ್ಲ. ಆ ದುಡ್ಡಿನಲ್ಲಿ ಗುಂಡಿ ಇನ್ನೂ ಆಳ ತೆಗೆಸಿ, ಅಥವಾ ಇನ್ನೊಂದು ಗುಂಡಿ ಮಾಡಿಸಿ. ಅರ್ಥಿಂಗ್ ಪ್ಲೇಟಿನಲ್ಲಿ ನೋಡಬೇಕಾದದ್ದು ದಪ್ಪ. ಅದನ್ನು ಮುಂದೆ ಹೇಳುತ್ತೇನೆ.

ಇಟಿಪಿ, ಡಿಎಚ್‌ಪಿ, ಓಎಫ್: ಒಳಗೆ ಏನಿದೆ

ಇಟಿಪಿ ತಾಮ್ರದಲ್ಲಿ ತಾಮ್ರ ಕನಿಷ್ಠ 99.90. ಅದರಲ್ಲಿ ಬೆಳ್ಳಿ ಇದ್ದರೆ ಅದನ್ನೂ ತಾಮ್ರದ ಲೆಕ್ಕಕ್ಕೇ ಸೇರಿಸುತ್ತಾರೆ, ಬೆಳ್ಳಿಯಿಂದ ಕರೆಂಟಿಗೆ ಏನೂ ತೊಂದರೆ ಇಲ್ಲ. ಉಳಿದದ್ದರಲ್ಲಿ ಮುಖ್ಯವಾದದ್ದು ಆಕ್ಸಿಜನ್, ಸಾಮಾನ್ಯವಾಗಿ 0.02ರಿಂದ 0.04 ಪರ್ಸೆಂಟ್. ಇದು ಕೊಳೆ ಅಂತ ಅಂದುಕೊಳ್ಳಬೇಡಿ. ಬೇಕಂತಲೇ ಬಿಟ್ಟಿರುವುದು. ಕಬ್ಬಿಣ, ಸೀಸ ಥರದ ಕಲ್ಮಶಗಳನ್ನು ಈ ಆಕ್ಸಿಜನ್ ಹಿಡಿದು ಆಕ್ಸೈಡ್ ಮಾಡಿ ಒಂದು ಪಕ್ಕ ಕೂರಿಸುತ್ತದೆ, ಆಗ ಕರೆಂಟಿಗೆ ದಾರಿ ಸಲೀಸು. ಅಮೆರಿಕದ ಲೆಕ್ಕದಲ್ಲಿ ಇದರ ನಂಬರ್ ಸಿ11000, ಯುರೋಪಿನದಾದರೆ ಸಿಡಬ್ಲ್ಯು004ಎ.

ಡಿಎಚ್‌ಪಿಯಲ್ಲೂ ತಾಮ್ರ 99.90. ಆದರೆ ಇಲ್ಲಿ ಆಕ್ಸಿಜನ್ ತೆಗೆಯಲು ಕರಗಿದ ತಾಮ್ರಕ್ಕೆ ರಂಜಕ ಹಾಕಿರುತ್ತಾರೆ, ಅದರಲ್ಲಿ ಸ್ವಲ್ಪ ಒಳಗೇ ಉಳಿಯುತ್ತದೆ. ಎಷ್ಟು? 0.015ರಿಂದ 0.040 ಪರ್ಸೆಂಟ್. ಹತ್ತು ಕೆಜಿ ತಾಮ್ರಕ್ಕೆ ಒಂದೂವರೆಯಿಂದ ನಾಲ್ಕು ಗ್ರಾಂ ಅಷ್ಟೇ. ಆ ಚಿಟಿಕೆ ರಂಜಕ ಕಂಡಕ್ಟಿವಿಟಿಯನ್ನು 100ರಿಂದ 80ರ ಆಸುಪಾಸಿಗೆ ಇಳಿಸುತ್ತದೆ, ಕೆಲವೊಮ್ಮೆ ಇನ್ನೂ ಕೆಳಗೆ. 80 ಅಂದರೆ ಅದೇ ಸೈಜಿನ ಬಸ್‌ಬಾರಿನಲ್ಲಿ ಅದೇ ಕರೆಂಟಿಗೆ ಕಾಲು ಭಾಗ ಜಾಸ್ತಿ ಬಿಸಿ. 99.9 ಅನ್ನುವ ನಂಬರ್ ಮಾತ್ರ ಎರಡರಲ್ಲೂ ಹಾಗೇ ಇರುತ್ತದೆ, ನೋಡಿದಿರಾ? ಇದರ ನಂಬರ್ ಸಿ12200, ಅಥವಾ ಸಿಡಬ್ಲ್ಯು024ಎ.

ಹಾಗಾದರೆ ಎಲ್ಲದಕ್ಕೂ ಇಟಿಪಿಯೇ ಹಾಕಬಾರದಾ ಅಂದರೆ, ಬೆಂಕಿ ಬಿಡಲ್ಲ. ಆಕ್ಸಿ-ಅಸಿಟಲೀನ್ ಬೆಂಕಿಯಲ್ಲಿ, ಅದೂ ಗ್ಯಾಸ್ ಜಾಸ್ತಿ ಬಿಟ್ಟಾಗ, ಹೈಡ್ರೋಜನ್ ಬಿಸಿ ತಾಮ್ರದೊಳಕ್ಕೆ ನುಗ್ಗುತ್ತದೆ. ಒಳಗೆ ಕೂತಿರುವ ಆಕ್ಸೈಡ್ ಜೊತೆ ಸೇರಿ ನೀರಿನ ಆವಿ ಆಗುತ್ತದೆ. ಆವಿಗೆ ಹೊರಗೆ ಬರಲು ದಾರಿ ಇಲ್ಲ, ಹಾಗಾಗಿ ಲೋಹದ ಕಣಗಳ ಸಂದಿಯಲ್ಲೇ ಒತ್ತಿ ಸಣ್ಣ ಸಣ್ಣ ಬಿರುಕು ಮಾಡುತ್ತದೆ. ಹೊರಗಿನಿಂದ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ. ಒಂದು ಸಲ ಬಗ್ಗಿಸಿ ನೋಡಿ, ಬೆಸುಗೆ ಪಕ್ಕದಲ್ಲೇ ಬಿಸ್ಕೆಟ್ ಥರ ಮುರಿದರೆ ಕಾರಣ ಇದೇ. ಎಸಿ ಪೈಪು ಡಿಎಚ್‌ಪಿಯಲ್ಲಿ ಇರುವುದು ಇದಕ್ಕೇ, ಪೈಪಿನಲ್ಲಿ ಕರೆಂಟ್ ಹರಿಯಲ್ಲವಲ್ಲ, ಕಂಡಕ್ಟಿವಿಟಿ ಹೋದರೆ ಹೋಗಲಿ.

ಓಎಫ್ ತಾಮ್ರ 99.95, ಆಕ್ಸಿಜನ್ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಒಳಗೆ. ಅದರ ಮೇಲಿನ ಓಎಫ್‌ಇ 99.99, ಆಕ್ಸಿಜನ್ 5 ಪಿಪಿಎಂ ಒಳಗೆ. ಇವು ವ್ಯಾಕ್ಯೂಮ್ ಉಪಕರಣ, ಎಲೆಕ್ಟ್ರಾನಿಕ್ಸ್ ಥರದ ಕಡೆಗೆ. ಇಟಿಪಿ ಬಿಟ್ಟು ಇದಕ್ಕೆ ಹೋದರೆ ಕಂಡಕ್ಟಿವಿಟಿಯಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಪರ್ಸೆಂಟ್. ‘99.99 ತಗೊಳ್ಳಿ, ಕರೆಂಟ್ ಬಿಲ್ ಕಮ್ಮಿ ಬರುತ್ತೆ’ ಅನ್ನುವವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಕಂಡಕ್ಟಿವಿಟಿ ನಂಬರ್ ಎಲ್ಲಿಂದ ಬಂತು

ಮೇಲೆ 100, 80 ಅಂತ ಹೇಳಿದೆನಲ್ಲ, ಅದು ಐಎಸಿಎಸ್ ಅನ್ನುವ ಅಳತೆ. 1913ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಇದನ್ನು ಗೊತ್ತು ಮಾಡಿತು. ಕಾಯಿಸಿ ಮೆತ್ತಗೆ ಮಾಡಿದ ತಾಮ್ರದ ತಂತಿ, ಒಂದು ಮೀಟರ್ ಉದ್ದ, ಒಂದು ಚದರ ಎಂಎಂ ದಪ್ಪ, 20 ಡಿಗ್ರಿಯಲ್ಲಿ 0.017241 ಓಮ್ ತೋರಿಸಿದರೆ ಅದು 100. ಆವತ್ತಿನ ಒಳ್ಳೆಯ ತಾಮ್ರ ಅಷ್ಟಿತ್ತು. ಈಗಿನ ಇಟಿಪಿ 100 ದಾಟಿ 101ರವರೆಗೂ ಬರುತ್ತದೆ, ಹಾಗಾಗಿ ಸರ್ಟಿಫಿಕೇಟಿನಲ್ಲಿ 100.8 ಅಂತ ಕಂಡರೆ ಬೆಚ್ಚಿ ಬೀಳಬೇಡಿ. ಅಲ್ಯೂಮಿನಿಯಂ 61ರ ಆಸುಪಾಸು, ಹಿತ್ತಾಳೆ 26-28.

ಒಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಎಳೆದು ಗಟ್ಟಿ ಮಾಡಿದ ತಾಮ್ರದ ಕಂಡಕ್ಟಿವಿಟಿ 97ರ ಹತ್ತಿರಕ್ಕೆ ಇಳಿಯುತ್ತದೆ, ಅದು ಶುದ್ಧತೆಯ ದೋಷ ಅಲ್ಲ. ಗಟ್ಟಿ, ಅರೆಗಟ್ಟಿ, ಮೆತ್ತಗೆ ಅನ್ನುವುದು ಟೆಂಪರ್. ಗ್ರೇಡ್ ಬೇರೆ, ಟೆಂಪರ್ ಬೇರೆ, ಆರ್ಡರಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಬೇಕು. ಬಗ್ಗಿಸಬೇಕಾದ ಬಸ್‌ಬಾರ್ ಗಟ್ಟಿ ಟೆಂಪರ್‌ದು ಬಂದರೆ ಮೂಲೆಯಲ್ಲಿ ಸೀಳುತ್ತದೆ, ಆಗ ಎಲ್ಲರೂ ಬೈಯುವುದು ಪಾಪ ತಾಮ್ರವನ್ನೇ.

ಸರ್ಟಿಫಿಕೇಟ್ ಓದುವುದು ಹೇಗೆ

ಟೆಸ್ಟ್ ಸರ್ಟಿಫಿಕೇಟ್ ಕೇಳಿದ ಕೂಡಲೇ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬರುತ್ತದೆ. ಅಂಚು ಕತ್ತರಿಸಿ ಹೋಗಿರುತ್ತದೆ, ಮಬ್ಬು ಮಬ್ಬಾಗಿರುತ್ತದೆ. ಮೊದಲು ನೋಡಬೇಕಾದದ್ದು ತಾಮ್ರದ ಪರ್ಸೆಂಟ್ ಅಂತೂ ಅಲ್ಲವೇ ಅಲ್ಲ. ಬ್ಯಾಚ್ ನಂಬರ್ ಅಥವಾ ಹೀಟ್ ನಂಬರ್ (ಒಂದು ಸಲ ಕರಗಿಸಿದ ಮಾಲಿನ ಗುರುತು) ನೋಡಿ, ಅದೇ ನಂಬರ್ ನಿಮ್ಮ ಮಾಲಿನ ಬಂಡಲಿನ ಟ್ಯಾಗಿನಲ್ಲೋ ಪಟ್ಟಿಯ ಮೇಲೋ ಇದೆಯಾ ಹುಡುಕಿ. ಇಲ್ಲದಿದ್ದರೆ ಆ ಕಾಗದ ಬೇರೆ ಯಾರದೋ ಮಾಲಿನ ಜಾತಕ. ಆಮೇಲೆ ಸೈಜು. ನೀವು ತರುತ್ತಿರುವುದು 25×6 ಪಟ್ಟಿ, ಸರ್ಟಿಫಿಕೇಟಿನಲ್ಲಿ 8 ಎಂಎಂ ರಾಡ್ ಅಂತಿದ್ದರೆ, ಪಟ್ಟಿ ಮಾಡಿದವನು ಕೊಂಡ ಕಚ್ಚಾ ಮಾಲಿನ ಕಾಗದ ಅದು. ಆ ಕಚ್ಚಾ ಮಾಲು ಚೆನ್ನಾಗಿದ್ದಿರಬಹುದು, ಅದರಿಂದಲೇ ನಿಮ್ಮ ಪಟ್ಟಿ ಮಾಡಿದ್ದಾರೆ ಅನ್ನುವುದಕ್ಕೆ ಪುರಾವೆ ಏನಿದೆ?

ಇದಾದ ಮೇಲೆ ಒಳಗಿನ ಅಂಶಗಳು. ತಾಮ್ರದ ಎದುರು ‘ಬ್ಯಾಲೆನ್ಸ್’ ಅಂತ ಬರೆದಿದ್ದರೆ, ಉಳಿದದ್ದನ್ನೆಲ್ಲ ಅಳೆದು ನೂರರಲ್ಲಿ ಕಳೆದಿದ್ದಾರೆ ಅಂತ ಅರ್ಥ, ಅದರಲ್ಲಿ ತಪ್ಪೇನಿಲ್ಲ. ಆದರೆ ಏನೇನು ಅಳೆದಿದ್ದಾರೆ ಅಂತ ನೋಡಿ. ರಂಜಕದ ಸಾಲು ಇರಲೇಬೇಕು. ಇಟಿಪಿ ಅಂತ ಹೇಳಿ ರಂಜಕ 0.02 ತೋರಿಸುತ್ತಿದ್ದರೆ ಅದು ಇಟಿಪಿ ಅಲ್ಲ. ಸೀಸ, ತವರ, ಕಬ್ಬಿಣ ಮೂರೂ ಜಾಸ್ತಿ ಇದ್ದರೆ ಗುಜರಿ ಕರಗಿಸಿ ಎರಕ ಹೊಯ್ದಿದ್ದಾರೆ ಅನ್ನುವ ಅನುಮಾನ ಪಡಬಹುದು, ಬೆಸುಗೆ ಹಾಕಿದ ಹಳೆ ತಂತಿಯಿಂದ ಸೀಸ ತವರ ಬರುತ್ತದೆ. ಬಿಸ್ಮತ್ ಅಂತ ಇನ್ನೊಂದು ಇದೆ, ಯುರೋಪಿನ ಇಟಿಪಿ ನಿಯಮದಲ್ಲಿ ಇದಕ್ಕೆ ಕೊಟ್ಟಿರುವ ಮಿತಿ 0.0005 ಪರ್ಸೆಂಟ್, ಅಂದರೆ 5 ಪಿಪಿಎಂ. ಅಷ್ಟು ಕಡಿಮೆ ಯಾಕಂದರೆ ಚೂರು ಜಾಸ್ತಿ ಆದರೂ ತಾಮ್ರ ಬಿಸಿಯಲ್ಲಿ ಒಡೆಯುತ್ತದೆ.

ಕಂಡಕ್ಟಿವಿಟಿಯ ಸಾಲು ಇಲ್ಲದ ಸರ್ಟಿಫಿಕೇಟ್ ಬಸ್‌ಬಾರಿಗೆ ಅರ್ಧ ಸರ್ಟಿಫಿಕೇಟ್ ಅಷ್ಟೇ. ನಮ್ಮಲ್ಲಿ ಕರೆಂಟಿನ ಕೆಲಸದ ತಾಮ್ರದ ರಾಡು, ಬಾರುಗಳಿಗೆ ಐಎಸ್ 613 ಅನ್ನುವ ಭಾರತೀಯ ಮಾನದಂಡ ಇದೆ. ಆ ನಂಬರ್ ಸರ್ಟಿಫಿಕೇಟಿನಲ್ಲಿ ಇರಲಿ. ಐಎಸ್‌ಐ ಗುರುತು ಹಾಕಿದ್ದರೆ ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಲೈಸೆನ್ಸ್, ಯಾವ ಸಾಮಾನಿಗೆ, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಬಹುದು.

ತಕ್ಕಡಿ, ಅರ, ಬ್ಯಾಟರಿ

ಈಗ ಕೈಗೆ ಕೆಲಸ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಬಣ್ಣ ನೋಡಿ ಗ್ರೇಡ್ ಹೇಳುವವರನ್ನು ನಂಬಬೇಡಿ. ಬಣ್ಣದಿಂದ ಹಿತ್ತಾಳೆಗೂ ತಾಮ್ರಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ, 99.9ಕ್ಕೂ 98ಕ್ಕೂ ಗೊತ್ತಾಗಲ್ಲ.

ತಕ್ಕಡಿಯಿಂದ ಶುರು ಮಾಡಿ. ತಾಮ್ರದ ಸಾಂದ್ರತೆ 8.9. ಲೆಕ್ಕ ಸುಲಭ ಇದೆ. ಅಗಲ ಮತ್ತು ದಪ್ಪ ಎಂಎಂನಲ್ಲಿ ಗುಣಿಸಿ, ಅದನ್ನು 8.9ರಿಂದ ಗುಣಿಸಿ, ಒಂದು ಮೀಟರಿಗೆ ಎಷ್ಟು ಗ್ರಾಂ ಅಂತ ಬರುತ್ತದೆ. 25×6 ಪಟ್ಟಿ 150 ಚದರ ಎಂಎಂ, ಮೀಟರಿಗೆ 1335 ಗ್ರಾಂ. ಮೂಲೆ ಗುಂಡಗಿದ್ದರೆ ಸ್ವಲ್ಪ ಕಡಿಮೆ. ಅದೇ ಅಲ್ಯೂಮಿನಿಯಂ ಆದರೆ 405 ಗ್ರಾಂ, ಮೇಲೆ ತಾಮ್ರದ ಕವಚ ಹಾಕಿದ ಅಲ್ಯೂಮಿನಿಯಂ ಆದರೆ 500ರ ಆಚೀಚೆ. ಕೈಗೆ ಎತ್ತಿಕೊಂಡರೇ ಗೊತ್ತಾಗುತ್ತದೆ.

ಅರ್ಥಿಂಗ್ ಪ್ಲೇಟ್ ತಗೊಳ್ಳಿ. ಐಎಸ್ 3043 ಪ್ರಕಾರ ತಾಮ್ರದ ಪ್ಲೇಟು 60 ಸೆಂಟಿಮೀಟರ್ ಚೌಕ, ದಪ್ಪ 3.15 ಎಂಎಂ. ತೂಕ 10 ಕೆಜಿ ದಾಟಬೇಕು, 10.1ರ ಹತ್ತಿರ. ಅಂಗಡಿಯಲ್ಲಿ ತಕ್ಕಡಿ ಮೇಲಿಟ್ಟಾಗ 8 ಕೆಜಿ ತೋರಿಸಿದರೆ ದಪ್ಪ ಎರಡೂವರೆ ಎಂಎಂ, ಆರು ಚಿಲ್ಲರೆ ತೋರಿಸಿದರೆ ಎರಡು ಎಂಎಂ. ಕೆಜಿ ಲೆಕ್ಕದಲ್ಲಿ ಕೊಂಡರೆ ನಿಮ್ಮ ದುಡ್ಡೇನೂ ಹೋಗಲ್ಲ, ಪ್ಲೇಟಿನ ಆಯಸ್ಸು ಹೋಗುತ್ತದೆ. ಪೀಸ್ ಲೆಕ್ಕದಲ್ಲಿ ಕೊಂಡರೆ ಎರಡೂ ಹೋಗುತ್ತದೆ. ವರ್ನಿಯರ್ ಇದ್ದರೆ ನಾಲ್ಕು ಮೂಲೆಯಲ್ಲೂ ದಪ್ಪ ಹಿಡಿದು ನೋಡಿ.

ಮ್ಯಾಗ್ನೆಟ್ ಹಿಡಿಯಿರಿ. ತಾಮ್ರಕ್ಕೆ ಅಂಟಲ್ಲ. ಅಂಟಿದರೆ ಒಳಗೆ ಉಕ್ಕು. ಅರ್ಥಿಂಗ್ ರಾಡಿನಲ್ಲಿ ಇದು ಮೋಸವೇ ಆಗಬೇಕೆಂದಿಲ್ಲ, ‘ಕಾಪರ್ ಬಾಂಡೆಡ್’ ಅಂತ ಉಕ್ಕಿನ ರಾಡಿಗೆ ತಾಮ್ರ ಹೊದಿಸಿ ಮಾರುತ್ತಾರೆ, 250 ಮೈಕ್ರಾನ್ ಹೊದಿಕೆ ಇದ್ದರೆ ಅದು ಒಳ್ಳೆಯ ಸಾಮಾನೇ. ಆದರೆ ತಾಮ್ರದ ರಾಡಿನ ರೇಟು ಕೊಡಬೇಡಿ ಅಷ್ಟೇ.

ಅರದಿಂದ ತುದಿಯನ್ನು ಓರೆಯಾಗಿ ಉಜ್ಜಿ. ಒಳಗೆ ಬಿಳಿ ಕಂಡರೆ ಕಥೆ ಮುಗಿಯಿತು. ವೈಂಡಿಂಗ್ ತಂತಿಗೆ ಈ ಪರೀಕ್ಷೆ ಮಾಡಲೇಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಹೂಮಳೆ ಬಾರದೆ ಎಲ್ಲರೂ ಸ್ಪ್ರಿಂಕ್ಲರ್ ಶುರು ಮಾಡಿದಾಗ ವೋಲ್ಟೇಜ್ ಕುಸಿಯುತ್ತದೆ, ಮೋಟರ್‌ಗಳು ಸಾಲಾಗಿ ಸುಡುತ್ತವೆ, ವೈಂಡಿಂಗ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲ್ಲ. ಆ ಗಡಿಬಿಡಿಯಲ್ಲಿ ಯಾವ ತಂತಿ ಹಾಕಿದರು ಅಂತ ಯಾರೂ ನೋಡಲ್ಲ. ತಾಮ್ರದ ಬಣ್ಣದ ವಾರ್ನಿಶ್ ಬಳಿದ ಅಲ್ಯೂಮಿನಿಯಂ ತಂತಿಯೂ ಮಾರ್ಕೆಟಿನಲ್ಲಿದೆ, ಸುರುಳಿ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. “ಅಣ್ಣಾ, ಒಂದು ಗೇಣು ತುಂಡು ಕೊಡಿ” ಅಂತ ಕೇಳಿ ಪಡೆದು, ಬ್ಲೇಡಿನಿಂದ ವಾರ್ನಿಶ್ ಕೆರೆದು, ಓರೆಯಾಗಿ ಕತ್ತರಿಸಿ ನೋಡಿ. ಲೈಟರ್ ಬೆಂಕಿಗೆ ಹಿಡಿದರೆ ಅಲ್ಯೂಮಿನಿಯಂ ಸೋತು ಜೋತು ಬೀಳುತ್ತದೆ, ಅದು 660 ಡಿಗ್ರಿಗೆ ಕರಗುತ್ತದೆ. ತಾಮ್ರಕ್ಕೆ 1083 ಡಿಗ್ರಿ ಬೇಕು, ಅದು ಕೆಂಪಾಗಿ ಆಮೇಲೆ ಕಪ್ಪಗಾಗುತ್ತದೆ. ಒಳ್ಳೆಯ ವೈಂಡರ್ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ. ಬೇಜಾರು ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.

ಇನ್ನು ಬ್ಯಾಟರಿ. ಕೇಬಲ್ ಸುರುಳಿಗೆ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ, ಮತ್ತು ಇದೊಂದನ್ನು ನಾನು ಎಲ್ಲರಿಗೂ ಒತ್ತಿ ಹೇಳುವುದು. ಸುಮ್ನೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಹಿಡಿದರೆ ಪ್ರಯೋಜನ ಇಲ್ಲ, ಅದರ ವೈರುಗಳದ್ದೇ ಕಾಲು ಅರ್ಧ ಓಮ್ ಸೇರಿಕೊಂಡುಬಿಡುತ್ತದೆ. ಹೀಗೆ ಮಾಡಿ. 2.5 ಚದರ ಎಂಎಂನ 90 ಮೀಟರ್ ಸುರುಳಿ ತಗೊಳ್ಳಿ. 12 ವೋಲ್ಟ್ ಬ್ಯಾಟರಿ, ಒಂದು ಫ್ಯೂಸ್, ಗಾಡಿಯ 21 ವ್ಯಾಟ್ ಇಂಡಿಕೇಟರ್ ಬಲ್ಬು, 10 ಆಂಪಿಯರ್ ರೇಂಜಿನಲ್ಲಿಟ್ಟ ಒಂದು ಮಲ್ಟಿಮೀಟರ್, ಆಮೇಲೆ ಸುರುಳಿ, ಎಲ್ಲ ಒಂದೇ ಸಾಲಿನಲ್ಲಿ ಜೋಡಿಸಿ. ಬಲ್ಬು ಉರಿಯುತ್ತದೆ, ಒಂದೂವರೆ ಆಂಪಿಯರ್ ಮೇಲೆ ಹರಿಯುತ್ತದೆ. ಈಗ ಇನ್ನೊಂದು ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಸುರುಳಿಯ ಎರಡು ತುದಿಗೆ ಹಿಡಿಯಿರಿ, ಕ್ಲಿಪ್ ಮೇಲೆ ಹಿಡಿಯಬೇಡಿ, ಕ್ಲಿಪ್ಪಿನ ಒಳಗಡೆ ತಾಮ್ರದ ಮೇಲೇ ಹಿಡಿಯಿರಿ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ, ಅದೇ ರೆಸಿಸ್ಟೆನ್ಸ್.

ಎಷ್ಟು ಬರಬೇಕು? ಐಎಸ್ 8130ರಲ್ಲಿ 2.5 ಎಂಎಂ ಫ್ಲೆಕ್ಸಿಬಲ್ ತಂತಿಗೆ ಕಿಲೋಮೀಟರಿಗೆ ಹೆಚ್ಚೆಂದರೆ 7.98 ಓಮ್. 90 ಮೀಟರಿಗೆ 0.718. ಅದು 20 ಡಿಗ್ರಿಗೆ. ಡಿಗ್ರಿಗೆ 0.39 ಪರ್ಸೆಂಟ್‌ನಂತೆ ಏರುತ್ತದೆ, ಹಾಗಾಗಿ 30 ಡಿಗ್ರಿಯಲ್ಲಿ 0.746ವರೆಗೆ ಬಿಡಬಹುದು. ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಮಾಡಿದರೆ ಈ ತಲೆನೋವೂ ಇಲ್ಲ ಬಿಡಿ, 20 ಡಿಗ್ರಿ ಪುಕ್ಕಟೆ ಸಿಗುತ್ತದೆ. ಉದಾಹರಣೆಗೆ 1.6 ಆಂಪಿಯರ್ ಹರಿಯುವಾಗ 1.19 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಸರಿ. ತಾಮ್ರ ಹೊದಿಸಿದ ಅಲ್ಯೂಮಿನಿಯಂ ಆಗಿದ್ದರೆ ಒಂದೂವರೆ ವೋಲ್ಟ್ ದಾಟುತ್ತದೆ. ತುಂಬಾ ಕಡಿಮೆ ಬಂದರೂ ಖುಷಿ ಪಡಬೇಡಿ, ಸುರುಳಿ 90 ಮೀಟರ್ ಇಲ್ಲದೇ ಇರಬಹುದು, ಅಳೆಯಿರಿ.

ಇಲ್ಲೊಂದು ಸೂಕ್ಷ್ಮ ಇದೆ. ಕೇಬಲ್ಲಿನ ನಿಯಮ ಕಟ್ಟಿಹಾಕುವುದು ರೆಸಿಸ್ಟೆನ್ಸನ್ನು, ತಾಮ್ರದ ತೂಕವನ್ನಲ್ಲ. 2.5 ಅಂತ ಬರೆದ 90 ಮೀಟರಿನಲ್ಲಿ ಲೆಕ್ಕಕ್ಕೆ 2 ಕೆಜಿ ತಾಮ್ರ ಇರಬೇಕು, ಆದರೆ ಒಳ್ಳೆಯ ತಾಮ್ರ ಹಾಕಿದ ಕಂಪನಿ 1.8 ಕೆಜಿ ಆಸುಪಾಸಿನಲ್ಲೇ ಆ ಓಮ್ ತಲುಪಬಹುದು. ಅದು ನಿಯಮದೊಳಗೇ ಇದೆ. ಹಾಗಾಗಿ ಕೇಬಲ್ ತೂಗಿ ಮೋಸ ಅಂತ ಜಗಳಕ್ಕೆ ಹೋಗಬೇಡಿ, ಓಮ್ ಅಳೆದು ಹೋಗಿ.

ಯಾವ ಮೆಷಿನ್ ಏನು ಹೇಳುತ್ತದೆ

ದೊಡ್ಡ ಆರ್ಡರ್ ಆದರೆ ಲ್ಯಾಬಿಗೆ ಕಳಿಸುವುದೇ ಸರಿ. ಆದರೆ ಯಾವ ಪರೀಕ್ಷೆ ಅಂತ ಹೇಳಿ ಕಳಿಸಿ. ಚಿನ್ನದಂಗಡಿಯವರು ಇಟ್ಟುಕೊಳ್ಳುವ, ಎಕ್ಸ್‌ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಮೆಷಿನ್, ಗುಜರಿಯ ದೊಡ್ಡ ವ್ಯಾಪಾರಿಗಳು ಹಿಡಿದುಕೊಳ್ಳುವ ಎಕ್ಸ್‌ಆರ್‌ಎಫ್ ಗನ್, ಇವು ಸತು, ತವರ, ಸೀಸ, ಕಬ್ಬಿಣವನ್ನು ಚೆನ್ನಾಗಿ ಹಿಡಿಯುತ್ತವೆ. ಆಕ್ಸಿಜನ್ ಕಾಣಿಸುವುದೇ ಇಲ್ಲ. ಡಿಎಚ್‌ಪಿಯಲ್ಲಿರುವ ಅಷ್ಟು ಕಡಿಮೆ ರಂಜಕವೂ ಅದಕ್ಕೆ ಎಟುಕಲ್ಲ. ಇಟಿಪಿ ಇಟ್ಟರೂ ಡಿಎಚ್‌ಪಿ ಇಟ್ಟರೂ ‘99.9’ ಅಂತಲೇ ಬರುತ್ತದೆ. ರಂಜಕ ಬೇಕಾದರೆ ಸ್ಪಾರ್ಕ್ ಸ್ಪೆಕ್ಟ್ರೋಮೀಟರ್ ಬೇಕು, ಫೌಂಡ್ರಿಗಳಲ್ಲಿ ಇರುತ್ತದೆ, ಬೆಂಗಳೂರಿನಲ್ಲಿ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ಗಳಲ್ಲಿ ಮಾಡಿಕೊಡುತ್ತಾರೆ.

ಬಸ್‌ಬಾರಿಗೆ ಮಾತ್ರ ನನ್ನ ಮತ ಕಂಡಕ್ಟಿವಿಟಿ ಮೀಟರಿಗೆ. ಪೆನ್ನಿನಂಥ ಪ್ರೋಬನ್ನು ಪಟ್ಟಿ ಮೇಲಿಟ್ಟರೆ ಐಎಸಿಎಸ್ ನೇರವಾಗಿ ತೋರಿಸುತ್ತದೆ. ಒಳಗೆ ರಂಜಕ ಇದೆಯೋ ಕಬ್ಬಿಣ ಇದೆಯೋ ಅದಕ್ಕೆ ಬೇಡ, ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ, ನಿಮಗೆ ಬೇಕಾಗಿದ್ದೂ ಅದೇ ಅಲ್ವಾ? 97ರ ಮೇಲೆ ಬಂದರೆ ಇಳಿಸಿಕೊಳ್ಳಿ. 80, 85 ಬಂದರೆ ಲಾರಿಯಿಂದ ಇಳಿಸಬೇಡಿ.

ಗುಜರಿ ತಾಮ್ರದ ವಿಷಯ

ಕೊಳ್ಳುವವರು ಮಾತ್ರ ಅಲ್ಲ, ಹಳೆ ಮೋಟರ್, ಹಳೆ ಕೇಬಲ್ ಮಾರುವವರಿಗೂ ಗ್ರೇಡ್ ಗೊತ್ತಿರಬೇಕು. ಗುಜರಿ ವ್ಯಾಪಾರದಲ್ಲಿ ಮೇಲಿನದು ಮಿಲ್‌ಬೆರಿ, ಸಿಪ್ಪೆ ಸುಲಿದ, ಬಣ್ಣ ಕಳೆಯದ, ತವರ ಬಳಿಯದ ದಪ್ಪ ತಂತಿ. ಆಮೇಲೆ ಒಂದನೇ ನಂಬರ್, ಆಮೇಲೆ ಎರಡನೇ ನಂಬರ್. ಅಂತಾರಾಷ್ಟ್ರೀಯ ಗುಜರಿ ವ್ಯಾಪಾರದ ಪಟ್ಟಿಯಲ್ಲಿ ಎರಡನೇ ನಂಬರ್ ತಂತಿಗೆ ತಾಮ್ರ 96, ಕನಿಷ್ಠ 94 ಪರ್ಸೆಂಟ್. ಸುಟ್ಟ ಮೋಟರಿನ ವಾರ್ನಿಶ್ ತಂತಿ, ಬೆಸುಗೆ ಅಂಟಿದ ತುಂಡು ಎಲ್ಲ ಈ ಕೆಳಗಿನ ಸಾಲಿಗೆ ಬೀಳುತ್ತವೆ. ಕೇಬಲ್ ಸುಟ್ಟು ತಾಮ್ರ ತೆಗೆದರೆ ಮೇಲ್ಮೈ ಕಪ್ಪಾಗಿ ರೇಟು ಕುಸಿಯುತ್ತದೆ, ಪಿವಿಸಿ ಹೊಗೆ ವಿಷ ಬೇರೆ. ಚಾಕು ಹಿಡಿದು ಸುಲಿಯಿರಿ, ಮೇಲಿನ ರೇಟು ಸಿಗುತ್ತದೆ.

ಗುಜರಿಯಿಂದ ಎರಕ ಹೊಯ್ದ ತಾಮ್ರವೇ ಕೆಟ್ಟದ್ದು ಅಂತಲ್ಲ. ಪಾತ್ರೆ, ಹಂಡೆ, ದೇವಸ್ಥಾನದ ಕಲಶಕ್ಕೆ ಕಂಡಕ್ಟಿವಿಟಿ ಯಾರಿಗೆ ಬೇಕು. ಅಡುಗೆ ಪಾತ್ರೆಯಾದರೆ ಸೀಸ ಎಷ್ಟಿದೆ ಅಂತ ನೋಡಿ, ಒಳಗೆ ಕಲಾಯಿ ಮಾಡಿಸಿ. ಬಸ್‌ಬಾರಿಗೆ ಮಾತ್ರ ಈ ತಾಮ್ರ ಬೇಡ.

ತೋಟದವರು ಒಂದು ಪ್ರಶ್ನೆ ಕೇಳುತ್ತಾರೆ, ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲದ ಮೇಲೆ ತಾಮ್ರ 24 ಪರ್ಸೆಂಟ್ ಅಂತ ಯಾಕಿದೆ, ಕಲಬೆರಕೆಯಾ ಅಂತ. ಅಲ್ಲ. ಪೂರ್ತಿ ಶುದ್ಧ ಮೈಲುತುತ್ತದಲ್ಲೂ ತಾಮ್ರ ಇರುವುದು 25.4 ಪರ್ಸೆಂಟ್ ಮಾತ್ರ, ಉಳಿದದ್ದು ಸಲ್ಫೇಟು ಮತ್ತು ಹರಳಿನೊಳಗಿನ ನೀರು.

ರೇಟು ಮತ್ತು ಬಿಲ್ಲು

ತಾಮ್ರದ ರೇಟು ದಿನಾ ಬದಲಾಗುತ್ತದೆ, ಲಂಡನ್ನಿನ ಲೋಹ ವಿನಿಮಯ ಕೇಂದ್ರ ಎಲ್‌ಎಂಇ ಮತ್ತು ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ನೋಡಿಕೊಂಡು. ಎಲ್‌ಎಂಇ ರೇಟು ಗ್ರೇಡ್ ಎ ಕ್ಯಾಥೋಡಿಗೆ, ಅಂದರೆ ಶುದ್ಧ ಮಾಡಿ ತೆಗೆದ ತಾಮ್ರದ ಹಲಗೆಗೆ, ಅದರಲ್ಲಿ ಎಲ್ಲ ಕಲ್ಮಶ ಸೇರಿ 65 ಪಿಪಿಎಂ ದಾಟುವಂತಿಲ್ಲ. ಆ ಕ್ಯಾಥೋಡನ್ನು ಕರಗಿಸಿ ರಾಡ್ ಮಾಡಿ, ರಾಡನ್ನು ಒತ್ತಿ ಪಟ್ಟಿ ಮಾಡಿ, ಕೂಲಿ, ಕರೆಂಟು, ಸಾಗಣೆ, ಲಾಭ ಎಲ್ಲ ಸೇರಿಸಿ ನಿಮಗೆ ಕೊಡಬೇಕು. ಹಾಗಾದರೆ ಹೊಸ ಬಸ್‌ಬಾರು ಅವತ್ತಿನ ಕ್ಯಾಥೋಡ್ ರೇಟಿಗಿಂತ ಕಡಿಮೆಗೆ ಸಿಗಲು ಹೇಗೆ ಸಾಧ್ಯ? “ಯಜಮಾನ್ರೆ, ನಿಮಗೋಸ್ಕರ ಕೆಜಿಗೆ ಐವತ್ತು ಕಮ್ಮಿ ಮಾಡ್ತೀನಿ” ಅಂದಾಗ ಮೊಬೈಲ್ ತೆಗೆದು ಅವತ್ತಿನ ಎಂಸಿಎಕ್ಸ್ ರೇಟು ನೋಡಿ, ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿ, ಆಮೇಲೆ ಖುಷಿ ಪಡಿ.

ಬಿಲ್ಲಿನಲ್ಲಿ ಎಚ್‌ಎಸ್‌ಎನ್ ನಂಬರ್, ಅಂದರೆ ಜಿಎಸ್‌ಟಿಗೆ ಸರಕು ಯಾವುದು ಅಂತ ಗುರುತಿಸುವ ನಂಬರ್ ನೋಡಿ. ತಾಮ್ರದ ಬಾರು, ರಾಡಿಗೆ 7407. ತಂತಿಗೆ 7408, ಪ್ಲೇಟು, ತಗಡಿಗೆ 7409, ಪೈಪಿಗೆ 7411. ನಿಮ್ಮ ಬಸ್‌ಬಾರಿನ ಬಿಲ್ಲಿನಲ್ಲಿ 7404 ಅಂತ ಇದ್ದರೆ ಅದು ಗುಜರಿಯ ನಂಬರ್, ಮಾಲು ವಾಪಸ್ ಮಾಡುವ ದಿನ ಬಂದರೆ ಆ ಬಿಲ್ಲು ಹಿಡಿದು ನೀವು ಏನೂ ಕೇಳುವ ಹಾಗಿರಲ್ಲ.

ಆರ್ಡರನ್ನು ಬಾಯಲ್ಲಿ ಹೇಳಿ ಬಿಡಬೇಡಿ. ವಾಟ್ಸಾಪ್‌ನಲ್ಲಾದರೂ ಸರಿ, ಇಷ್ಟು ಬರೆದು ಕಳಿಸಿ: “ಇಟಿಪಿ ತಾಮ್ರದ ಬಸ್‌ಬಾರ್, ಐಎಸ್ 613, 25×6 ಎಂಎಂ, ಅರೆಗಟ್ಟಿ, ಕಂಡಕ್ಟಿವಿಟಿ 97ಕ್ಕಿಂತ ಕಡಿಮೆ ಇರಬಾರದು, ಇದೇ ಬ್ಯಾಚಿನ ಟೆಸ್ಟ್ ಸರ್ಟಿಫಿಕೇಟ್ ಜೊತೆಗೆ. ಪರೀಕ್ಷೆಯಲ್ಲಿ ಕಮ್ಮಿ ಬಂದರೆ ಮಾಲು ವಾಪಸ್, ಹೋಗಿ ಬರುವ ಲಾರಿ ಖರ್ಚು ನಿಮ್ಮದು.” ಅವರು ಸರಿ ಅಂತ ಒಂದು ಅಕ್ಷರ ಬರೆದು ಕಳಿಸುವವರೆಗೂ ಅಡ್ವಾನ್ಸ್ ಹಾಕಬೇಡಿ. ಮಾಲು ಬಂದ ದಿನ ಪ್ರತಿ ಬಂಡಲಿನಿಂದ ಒಂದು ಗೇಣು ತುಂಡು ಕತ್ತರಿಸಿ, ಬ್ಯಾಚ್ ನಂಬರ್ ಪಂಚ್ ಮಾಡಿ, ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಆರು ತಿಂಗಳ ಮೇಲೆ ಪ್ಯಾನೆಲ್ ಬಿಸಿಯಾಯಿತು ಅಂತ ಗಿರಾಕಿ ಫೋನ್ ಮಾಡಿದಾಗ ಲ್ಯಾಬಿಗೆ ಕಳಿಸಲು ಆ ತುಂಡು ಬೇಕಾಗುತ್ತದೆ.